ಐದು ಸಾವಿರ ಓಡಿದ ಮೇಲೆ

"ಎತ್ತಬೇಡಿ, ತಳ್ಳಿ. ಎತ್ತಿದ್ರೆ ಒಳಗಿರೋದೆಲ್ಲ ಕಳಚಿ ಬೀಳುತ್ತೆ," ಎನ್ನುತ್ತ ಗ್ಯಾರೇಜಿನ ಆಳು ಲಸಿಮಾನ್ ಬೈಕಿನ ಹಿಂಬದಿಗೆ ಹೆಗಲು ಕೊಟ್ಟ. ಎಂಜಿನ್ ಬಿಚ್ಚಿ ಹರವಿದ್ದ ಆ ಬೈಕು ಮೂರು ವಾರದಿಂದ ಗ್ಯಾರೇಜಿನ ನಟ್ಟನಡುವೆ ಹಾಗೇ ನಿಂತಿತ್ತು. ಅದನ್ನೂ ಸೇರಿಸಿ ಒಟ್ಟು ಏಳು. ಒಳಕೋಣೆಯಲ್ಲಿ ಕಫನ್ ಬಟ್ಟೆ ಸುತ್ತಿ ಮಲಗಿಸಿದ್ದ ತುಕಿರಾನ್ ಹೊರಗೆ ಹೋಗಬೇಕಾದರೆ ಈ ಏಳೂ ದಾರಿ ಬಿಡಬೇಕಿತ್ತು. ಮನೆಯ ಮುಂಭಾಗವೇ ಗ್ಯಾರೇಜು. ಹಿತ್ತಲ ಬಾಗಿಲಿನಲ್ಲಿ ಶವ ಹೊರುವ ಜನಾಜಾ ಹಿಡಿಸುವುದಿಲ್ಲ.

ಸುಮಿಯಾತಿ ತಟ್ಟೆ ಹಿಡಿದು ನೆಲದ ಮೇಲಿನ ನಟ್ಟು ಬೋಲ್ಟು ಆಯುತ್ತಿದ್ದಳು. ಗಂಡ ಕಣ್ಣು ಮುಚ್ಚಿ ಆರು ಗಂಟೆಯಾಗಿತ್ತು. ಮೂರು ವಾರ ಆಸ್ಪತ್ರೆಯ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಮಾಡಿ ಸೊಂಟ ಬಿದ್ದುಹೋಗಿತ್ತು. ಅಳು ಬರಬೇಕಾದ ಕಡೆ ಆಕಳಿಕೆ ಬರುತ್ತಿತ್ತು, ಅದಕ್ಕೆ ನಾಚಿಕೆಯೂ ಆಗುತ್ತಿತ್ತು.

"ಅಕ್ಕ, ಅದನ್ನೆಲ್ಲ ಈಗ ನೀವ್ಯಾಕೆ ಮಾಡ್ತೀರಿ, ಬಂದು ಕೂತ್ಕೊಳ್ಳಿ," ಎಂದಳು ಪಕ್ಕದ ಮನೆಯ ಪಾರ್ತಿ. ಬೆಳಗಿನಿಂದ ಅಡುಗೆಮನೆ ಅವಳ ವಶದಲ್ಲಿತ್ತು.

"ಬೆರೆತುಹೋದ್ರೆ ಯಾವ ಬೋಲ್ಟು ಯಾವ ಬೈಕಿಂದು ಅಂತ ಗೊತ್ತಾಗಲ್ಲ ಕಣೇ. ಹೇಳೋಕೆ ಅವರಿಲ್ಲ ಈಗ."

ಪಾರ್ತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ರಸ್ತೆಯಾಚೆಯ ಮನೆಯತ್ತ ಗದ್ದ ತಿರುಗಿಸಿ, ದನಿ ತಗ್ಗಿಸಿ ಕೇಳಿದಳು. "ಅವನು ಬರ್ತಾನಾ?"

ರಸ್ತೆಯಾಚೆ ಮರ್ಜುಕಿಯ ಮನೆ. ಬಾಗಿಲು ಮುಚ್ಚಿತ್ತು. ಅಂಗಳದಲ್ಲಿ ತಂಬಾಕು ಒಣಗಿಸುವ ತಟ್ಟಿಗಳು ಗೋಡೆಗೆ ಒರಗಿದ್ದವು.

"ಬರ್ದಿದ್ರೇ ಒಳ್ಳೇದೇನೋ," ಎಂದು ಪಾರ್ತಿಯೇ ತನಗೆ ಉತ್ತರ ಕೊಟ್ಟುಕೊಂಡಳು. "ಬಂದು ಬಾಯಿ ಮುಚ್ಕೊಂಡು ನಿಂತ್ರೆ ಇನ್ನೂ ಕಷ್ಟ."

ಆ ಮಾತಿನ ಅರ್ಥ ಊರಿಗೆಲ್ಲ ಗೊತ್ತಿತ್ತು. ಜನಾಜಾ ಮಸೀದಿಗೆ ಹೊರಡುವ ಮುಂಚೆ ಅಂಗಳದಲ್ಲಿ ಇಳಿಸುತ್ತಾರೆ. ಊರಿನ ಸಾವಿನ ಕೆಲಸವನ್ನೆಲ್ಲ ನೋಡಿಕೊಳ್ಳುವ ಮೋದಿನ್, ಸತ್ತವನ ಪರವಾಗಿ ಎಲ್ಲರ ಕ್ಷಮೆ ಕೇಳುತ್ತಾರೆ. ಆಮೇಲೆ ಮೂರು ಸಲ ಪ್ರಶ್ನೆ. ಈ ಮನುಷ್ಯ ಒಳ್ಳೆಯವನಾಗಿದ್ದನೇ? ಸೇರಿದವರು ಮೂರು ಸಲವೂ 'ಒಳ್ಳೆಯವನು' ಎನ್ನಬೇಕು. ಮೇಲೆ ಕೇಳಿಸಿಕೊಳ್ಳುವವನು ಆ ಮಾತನ್ನು ಲೆಕ್ಕಕ್ಕಿಡುತ್ತಾನೆಂದು ನಂಬಿಕೆ. ಕೋಳಿ ಕದ್ದವನನ್ನೂ ಹೆಂಡತಿಗೆ ಹೊಡೆಯುತ್ತಿದ್ದವನನ್ನೂ ಊರು ಒಳ್ಳೆಯವನೆಂದೇ ಹೇಳಿ ಕಳಿಸಿದೆ. ಒಂಬತ್ತು ವರ್ಷದ ಹಿಂದೆ ಮರ್ಜುಕಿ ಇದೇ ಗ್ಯಾರೇಜಿನ ಮುಂದೆ ನಿಂತು, ಅರ್ಧ ಊರಿನ ಎದುರು, "ನೀನು ಸತ್ತ ದಿನ ಮೋದಿನ್ ಕೇಳ್ತಾರಲ್ಲ, ಅವತ್ತು ನಾನು ಬಾಯಿ ಬಿಡಲ್ಲ ನೋಡು," ಎಂದಿದ್ದ. ಅಂದಿನಿಂದ ಇವತ್ತಿನವರೆಗೂ ಅವನು ತುಕಿರಾನ್ ಜೊತೆ ಮಾತಾಡಿರಲಿಲ್ಲ. ಹದಿನೈದು ಹೆಜ್ಜೆ ಅಗಲದ ರಸ್ತೆ ಅದು.

ಏಳನೆಯ ಬೈಕೂ ಹೊರಗೆ ಹೋಯಿತು. ಖಾಲಿ ಗ್ಯಾರೇಜು ಸುಮಿಯಾತಿ ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿತ್ತು. ಗೋಡೆಯ ಮೇಲೆ ತುಕಿರಾನ್ ತಾನೇ ಬಣ್ಣದಲ್ಲಿ ಬರೆದ ಸಾಲುಗಳು ಈಗ ಪೂರ್ತಿ ಕಾಣುತ್ತಿದ್ದವು. 'ಹೊಸ ಬೈಕಿನವರ ಗಮನಕ್ಕೆ. ಐನೂರು ಕಿಲೋಮೀಟರಿಗೊಮ್ಮೆ, ಎರಡು ಸಾವಿರಕ್ಕೊಮ್ಮೆ ಸಾದಾ ಎಂಜಿನ್ ಆಯಿಲ್. ಐದು ಸಾವಿರ ಓಡಿದ ಮೇಲೆ ಸಿಂಥೆಟಿಕ್. ವಾದ ಮಾಡುವವರು ಪರಾಕಾನ್ ಪೇಟೆಗೆ ಹೋಗಬಹುದು.'

*

ಒಂಬತ್ತು ವರ್ಷದ ಹಿಂದೆ, ಆ ಜಗಳದ ಮುನ್ನಾದಿನ, ತುಕಿರಾನ್ ಬಿಡಿಭಾಗ ತರಲು ಬೆಳಗ್ಗೆಯೇ ಮಿನಿಬಸ್ಸು ಹತ್ತಿದ್ದ. ಲಸಿಮಾನ್ ಅವತ್ತು ರಜೆ ಹಾಕಿದ್ದ. ಬಸ್ಸು ತಿರುವು ದಾಟಿತೋ ಇಲ್ಲವೋ, ಮರ್ಜುಕಿ ತನ್ನ ಹೊಸ ಬೈಕು ತಳ್ಳಿಕೊಂಡು ಬಂದ. ಸೀಟಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಓಡಿದ್ದು ಒಂಬೈನೂರು ಕಿಲೋಮೀಟರು.

"ಅತ್ತಿಗೆ, ಆಯಿಲ್ ಬದಲಾಯಿಸ್ಬೇಕು. ಸಿಂಥೆಟಿಕ್ಕೇ ಹಾಕಿ. ನಾಳೆ ಎನಿಯನ್ನ ಕೂರಿಸ್ಕೊಂಡು ಕ್ಲೆದುಂಗ್ ಏರು ಹತ್ತಬೇಕು, ವೊನೊಸೊಬೋದಲ್ಲಿ ಪರೀಕ್ಷೆ."

ಎನಿ ಅವನ ಒಬ್ಬಳೇ ಮಗಳು. ಹತ್ತು ವರ್ಷದಿಂದ ಊರಿನ ಶಾಲೆಯಲ್ಲಿ ತಾತ್ಕಾಲಿಕ ಮೇಡಮ್ಮಾಗಿ ಸವೆದಿದ್ದಳು. ಕಾಯಂ ಆಗುವ ಪರೀಕ್ಷೆಗೆ ವಯಸ್ಸಿನ ಮಿತಿ ಮೂವತ್ತೈದು, ಅವಳಿಗೆ ಮೂವತ್ತನಾಲ್ಕು ತುಂಬಿ ನಡೆಯುತ್ತಿತ್ತು.

"ಒಂಬೈನೂರಕ್ಕೇ ಸಿಂಥೆಟಿಕ್ಕಾ?" ಎಂದು ಸುಮಿಯಾತಿ ಗೋಡೆ ನೋಡಿದಳು. "ನಿಮ್ಮಣ್ಣ ಬೈತಾರೆ."

"ಅಣ್ಣನನ್ನ ಕೇಳಿಯೇ ಬಂದಿದೀನಿ. ಏರು ಹತ್ತೋದಿದ್ರೆ ಹಾಕಿಸ್ಕೋ ಅಂದ. ನೀವು ಹಾಕಿಡಿ, ಸಂಜೆ ಬಂದು ತಗೊಂಡು ಹೋಗ್ತೀನಿ."

ತುಕಿರಾನ್ ಹಾಗೆ ಹೇಳಿರಲಾರ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಮಸೀದಿಯ ಇಮಾಮರು ಬಂದು ಕೇಳಿದಾಗಲೂ ಅವನು ಐದು ಸಾವಿರದಿಂದ ಕೆಳಗಿಳಿದವನಲ್ಲ. ಆದರೆ ಒಡಹುಟ್ಟಿದವನಲ್ಲದಿದ್ದರೂ ಮರ್ಜುಕಿ ಹೊರಗಿನವನೇ? ಇಬ್ಬರೂ ಒಟ್ಟಿಗೆ ಮೀನು ಹಿಡಿಯಲು ಹೋಗುತ್ತಿದ್ದವರು, ಎನಿ ಚಿಕ್ಕವಳಿದ್ದಾಗ ಈ ಗ್ಯಾರೇಜಿನಲ್ಲೇ ಬೇರಿಂಗು ಉರುಳಿಸಿ ಆಡಿದವಳು. ಮಕ್ಕಳಿಲ್ಲದ ಸುಮಿಯಾತಿಗೆ ಅವಳ ಪರೀಕ್ಷೆ ತನ್ನದೇ ಮನೆಯ ಪರೀಕ್ಷೆ. ಒಳ್ಳೆಯ ಆಯಿಲ್ ಹಾಕಬೇಕು, ದುಬಾರಿಯದೇ ಹಾಕಬೇಕು ಎಂದು ಅವಳಿಗೂ ಅನ್ನಿಸಿತು.

ಕಪಾಟಿನಲ್ಲಿ ಬೈಕಿನ ಸಿಂಥೆಟಿಕ್ ಮುಗಿದಿತ್ತು. ಪಕ್ಕದಲ್ಲಿ ಬಂಗಾರ ಬಣ್ಣದ ಡಬ್ಬಿಯೊಂದಿತ್ತು, ಊರಿನ ಮುಖ್ಯಸ್ಥರ ಕಾರಿಗೆಂದು ತರಿಸಿದ್ದು. ಅದರ ಮೇಲೂ ಸಿಂಥೆಟಿಕ್ ಎಂದೇ ಬರೆದಿತ್ತು. ಬೆಲೆಯೂ ಹೆಚ್ಚು. ಕಾರಿಗೆ ಒಳ್ಳೆಯದಾದದ್ದು ಬೈಕಿಗೆ ಇನ್ನೂ ಒಳ್ಳೆಯದಲ್ಲವೇ ಎಂದುಕೊಂಡು ಅವಳು ಹಳೆಯ ಆಯಿಲ್ ಇಳಿಸಿ, ಒಂದು ಹನಿ ಚೆಲ್ಲದಂತೆ ಅದನ್ನು ಸುರಿದಳು. ಗಂಡ ಮಾಡುವಂತೆಯೇ ಬೋಲ್ಟನ್ನು ಚಿಂದಿಯಿಂದ ಒರೆಸಿ ಬಿಗಿದಳು. ಆ ದಿನ ತನ್ನ ಕೈಗೆಲಸ ಕಂಡು ಅವಳಿಗೆ ಸ್ವಲ್ಪ ಹೆಮ್ಮೆಯೂ ಆಯಿತು. ಆ ಹೆಮ್ಮೆ ನೆನಪಾದಾಗಲೆಲ್ಲ ಈಗಲೂ ಅವಳಿಗೆ ಮೈ ಉರಿಯುತ್ತದೆ.

ತುಕಿರಾನ್ ಮನೆಗೆ ಬಂದಾಗ ಕತ್ತಲಾಗಿತ್ತು. ಮರ್ಜುಕಿ ಹೊಲದಿಂದ ಬರುವುದು ತಡವಾಗಿ, ಬೈಕನ್ನು ಸುಮಿಯಾತಿಯೇ ರಸ್ತೆಯಾಚೆ ನಿಲ್ಲಿಸಿ ಬಂದಿದ್ದಳು. ದಣಿದು ಬಂದವನಿಗೆ ಅವಳು ಊಟ ಬಡಿಸಿದಳು, ಆಯಿಲ್ ವಿಷಯ ನಾಳೆ ಹೇಳಿದರಾಯಿತೆಂದು ಸುಮ್ಮನಾದಳು.

*

ಅಂಗಳದ ಕುರ್ಚಿಗಳು ತುಂಬಿದ್ದವು. ಸುಮಿಯಾತಿ ಬಾಗಿಲ ಪರದೆಯ ಹಿಂದೆ ನಿಂತು ಚಹಾ ಲೋಟಗಳ ತಟ್ಟೆಯನ್ನು ಲಸಿಮಾನ್ ಕೈಗೆ ದಾಟಿಸುತ್ತಿದ್ದಳು. ಸತ್ತವನ ಹೆಂಡತಿ ಚಹಾ ಹಂಚುವುದು ರೂಢಿಯಲ್ಲ. ಆದರೆ ಒಳಗೆ ಹೆಂಗಸರ ನಡುವೆ ಕೂತರೆ ಅವರು ಇವಳ ಮುಖ ನೋಡಿ ಅಳುತ್ತಿದ್ದರು, ಅದನ್ನು ತಡೆಯುವುದು ಇನ್ನೂ ಕಷ್ಟವಾಗಿತ್ತು.

"ನನ್ನದು ಮೂರೂವರೆ ಸಾವಿರ ಓಡಿದೆ," ಎಂದು ಒಬ್ಬ ಹೇಳುತ್ತಿದ್ದ. "ಈಗಲೇ ಸಿಂಥೆಟಿಕ್ ಹಾಕಿಸ್ಬಹುದಾ, ಇನ್ನೂ ಕಾಯ್ಬೇಕಾ ಅಂತ ಕೇಳೋಣ ಅಂತಿದ್ದೆ. ಹೋದ ತಿಂಗಳೇ ಕೇಳಿಬಿಟ್ಟಿದ್ರೆ ಆಗ್ತಿತ್ತು."

"ಕೇಳಿದ್ರೆ ಏನು ಹೇಳ್ತಿದ್ದ ಅಂತ ಗೋಡೆ ಮೇಲೇ ಇದೆಯಲ್ಲಪ್ಪ," ಎಂದ ಮುದುಕ ಸರ್ವಾನ್, ತಂಬಾಕು ಸುರುಳಿ ಸುತ್ತುತ್ತ.

"ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿ ಮೊದಲನೇ ದಿನದಿಂದ್ಲೇ ಹಾಕ್ಬಹುದು ಅಂತಿದೆ. ಈಗಿನ ಎಂಜಿನ್ನು ಬೇರೆಯಂತೆ."

"ಪುಸ್ತಕ ಬರೆದೋನು ಹೆಂಡ್ತಿ, ಎರಡು ಮೂಟೆ ತಂಬಾಕು, ಒಂದು ಗ್ಯಾಸ್ ಸಿಲಿಂಡರು ಹೇರ್ಕೊಂಡು ಕ್ಲೆದುಂಗ್ ಹತ್ತಿದಾನಾ ಅಂತ ಕೇಳ್ತಿದ್ದ ತುಕಿರಾನ್. ನನ್ನ ಮೈದುನ ವಾದ ಮಾಡಿದ್ದಕ್ಕೆ, ಬೈಕನ್ನ ಪುಸ್ತಕದ ಹತ್ರಾನೇ ರಿಪೇರಿ ಮಾಡಿಸ್ಕೋ ಹೋಗು ಅಂದುಬಿಟ್ಟ."

ಒಂದಿಬ್ಬರು ನಕ್ಕರು. ನಗುವ ಜಾಗವಲ್ಲವೆಂದು ನೆನಪಾಗಿ ಚಹಾ ಕುಡಿದರು.

"ಅವರು ಹೇಳ್ತಿದ್ದದ್ದಕ್ಕೆ ಅರ್ಥ ಇತ್ತು," ಎಂದ ಲಸಿಮಾನ್. ಇಪ್ಪತ್ತೆರಡು ವರ್ಷ ತುಕಿರಾನನ ಕೈಕೆಳಗೆ ಕೆಲಸ ಮಾಡಿದವನು ಅವನು. "ಹೊಸ ಎಂಜಿನ್ನಲ್ಲಿ ಒಳಗಿನ ತುಂಡುಗಳು ಒಂದಕ್ಕೊಂದು ಉಜ್ಜಿಕೊಂಡು ಜಾಗ ಮಾಡ್ಕೋಬೇಕು. ಮೊದಲ ಆಯಿಲ್ ಇಳಿಸಿದಾಗ ನೋಡಿ, ಕಬ್ಬಿಣದ ಪುಡಿ ಮಿಂಚ್ತಿರುತ್ತೆ. ಆ ಹೊತ್ತಿಗೆ ತೀರಾ ನುಣುಪು ಆಯಿಲ್ ಹಾಕಿದ್ರೆ ಉಜ್ಜೋದೇ ಇಲ್ಲ. ಮೊದಲು ಜಗಳ ಆಡ್ಲಿ, ಸಂಸಾರ ಆಮೇಲೆ ಮಾಡ್ಲಿ ಅಂತಿದ್ರು."

"ಶಾಸ್ತ್ರ ಎಲ್ಲಾ ಚೆನ್ನಾಗೇ ಹೇಳ್ತಿದ್ದ," ಎಂದಿತು ಹಿಂದಿನ ಸಾಲಿನ ಒಂದು ದನಿ, ಮೆಲ್ಲಗೆ. "ಮರ್ಜುಕಿ ಮಗಳ ವಿಷಯಕ್ಕೆ ಬಂದಾಗ ಕಾರಿನ ಡಬ್ಬಿ ಸುರಿದ. ಮೇಡಮ್ಮಾಗಿ ಇರ್ಬೇಕಾದವಳು, ಪಾಪ, ಪರದೇಶದಲ್ಲಿ ಮುದುಕಿಯ ಮಲ ಬಳಿತಿದಾಳೆ."

"ಸತ್ತವನ ಮನೆ ಮುಂದೆ ಅದೆಲ್ಲ ಯಾಕೀಗ?" ಎಂದ ಸರ್ವಾನ್.

"ನಾನೇನು ಸುಳ್ಳು ಹೇಳಿದ್ನಾ?"

ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಸುಮಿಯಾತಿ ಪರದೆ ಹಿಡಿದು ನಿಂತಳು. ಒಂಬತ್ತು ವರ್ಷದಲ್ಲಿ ಈ ಮಾತನ್ನು ಅವಳು ಸಂತೆಯಲ್ಲಿ ಕೇಳಿದ್ದಳು, ಮದುವೆ ಮನೆಯಲ್ಲಿ ಕೇಳಿದ್ದಳು, ಪ್ರತಿ ಸಲವೂ ಬೇರೆಡೆ ನೋಡಿ ಸುಮ್ಮನಾಗಿದ್ದಳು. ಮನೆಗೆ ಬಂದರೆ ಆ ಮಾತಿನ ಭಾರ ಹೊತ್ತವನು ಕೂತು ಕಾರ್ಬೊರೇಟರ್ ಊದುತ್ತಿರುತ್ತಿದ್ದ. ಇನ್ನು ಅವನಿಲ್ಲ.

ಗೇಟಿನ ಬಳಿ ಕುರ್ಚಿ ಎಳೆದ ಸದ್ದಾಯಿತು. ಮಾತು ನಿಂತಿತು. ಮರ್ಜುಕಿ ಬಂದಿದ್ದ. ಕಪ್ಪು ಟೋಪಿ, ಇಸ್ತ್ರಿ ಮಾಡಿದ ಬಾತಿಕ್ ಅಂಗಿ. ಅವನೂ ಮುದುಕನಾಗಿಬಿಟ್ಟಿದ್ದಾನೆಂದು ಸುಮಿಯಾತಿಗೆ ಇಷ್ಟು ಹತ್ತಿರದಿಂದ ನೋಡಿದಾಗ ತಿಳಿಯಿತು. ಯಾರ ಮುಖವನ್ನೂ ನೋಡದೆ ಅವನು ಕೊನೆಯ ಕುರ್ಚಿಯಲ್ಲಿ ಕೂತ. ಪಕ್ಕದ ಕುರ್ಚಿ ಖಾಲಿಯೇ ಉಳಿಯಿತು.

*

ಆ ಬೈಕು ಕ್ಲೆದುಂಗ್ ಏರಿನ ಅರ್ಧದಲ್ಲೇ ಕೈಕೊಟ್ಟಿತ್ತು. ಎಂಜಿನ್ ಅರಚುತ್ತಿತ್ತು, ಚಕ್ರ ಮಾತ್ರ ತಿರುಗಲೊಲ್ಲದು. ಅಪ್ಪ ಮಗಳು ಇಳಿದು ತಳ್ಳಿದರು, ಆಮೇಲೆ ಬಸ್ಸಿಗೆ ಕೈ ಅಡ್ಡ ಹಿಡಿದರು. ಪರೀಕ್ಷೆಯ ಕಟ್ಟಡ ಮುಟ್ಟಿದಾಗ ಗೇಟು ಮುಚ್ಚಿ ನಲವತ್ತು ನಿಮಿಷವಾಗಿತ್ತು. ಮುಂದಿನ ಪರೀಕ್ಷೆ ಕರೆಯುವ ಹೊತ್ತಿಗೆ ಎನಿಯ ವಯಸ್ಸು ಮೀರಿತ್ತು.

ಸಂಜೆ ಮರ್ಜುಕಿ ಬೈಕನ್ನು ಗೂಡ್ಸ್ ಗಾಡಿಯಲ್ಲಿ ತಂದು ಗ್ಯಾರೇಜಿನ ಮುಂದೆ ಇಳಿಸಿದ. ರಸ್ತೆ ದಾಟಿ ತನ್ನ ಮನೆಯೊಳಕ್ಕೆ ಹೋದ. ತುಕಿರಾನ್ ಬೋಲ್ಟು ಬಿಚ್ಚಿ ಆಯಿಲನ್ನು ಬೋಗುಣಿಗೆ ಇಳಿಸಿದ, ಎರಡು ಬೆರಳ ನಡುವೆ ಉಜ್ಜಿ ನೋಡಿದ, ಮೂಸಿದ. ಆಮೇಲೆ ಕಪಾಟಿನ ಖಾಲಿ ಬಂಗಾರದ ಡಬ್ಬಿ ನೋಡಿದ.

ಸುಮಿಯಾತಿ ಎಲ್ಲವನ್ನೂ ಹೇಳಿದಳು. ಮರ್ಜುಕಿ ಬಂದದ್ದು, ಅಣ್ಣ ಒಪ್ಪಿದ್ದಾನೆ ಎಂದದ್ದು, ತಾನು ಸುರಿದದ್ದು.

"ನಾನು ಒಪ್ಪಿರ್ಲಿಲ್ಲ," ಎಂದ ತುಕಿರಾನ್. "ಮೂರು ಸಲ ಕೇಳಿದ್ದ, ಮೂರು ಸಲವೂ ಬೇಡ ಅಂದಿದ್ದೆ. ನಾನಿಲ್ಲದ ದಿನ ನೋಡ್ಕೊಂಡು ಬಂದಿದಾನೆ."

"ಆಯಿಲ್ ಬೇಗ ಹಾಕಿದ್ದಕ್ಕೇ ಹೀಗಾಯ್ತಾ?"

"ಬೇಗ ಹಾಕಿದ್ದಕ್ಕಲ್ಲ. ಬೈಕಿನ ಸಿಂಥೆಟಿಕ್ಕೇ ಆಗಿದ್ರೆ ಏರು ಹತ್ತಿರೋದು, ನಾನು ಬೈದು ಸುಮ್ಮನಾಗಿರ್ತಿದ್ದೆ. ಇದು ಕಾರಿಂದು. ಕಾರಿನಲ್ಲಿ ಕ್ಲಚ್ಚು ಬೇರೆ ಮನೆ, ಆಯಿಲ್ ಬೇರೆ ಮನೆ. ಬೈಕಿನಲ್ಲಿ ಎರಡಕ್ಕೂ ಒಂದೇ ಹಾಸಿಗೆ. ಇದರಲ್ಲಿ ಜಾರಿಸೋ ಮದ್ದು ಸೇರಿಸಿರ್ತಾರೆ, ಕ್ಲಚ್ಚು ಹಿಡಿಯೋದೇ ಇಲ್ಲ."

ಅವಳು ನೆಲದ ಮೇಲೆ ಕುಸಿದು ಕೂತಳು. ಅಷ್ಟರಲ್ಲಿ ಮರ್ಜುಕಿ ಮತ್ತೆ ಬಂದ, ಹಿಂದೆ ಅರ್ಧ ಊರೇ.

"ಏನು ಹಾಕಿದ್ರಿ ಇದಕ್ಕೆ?"

"ಕಾರಿನ ಆಯಿಲ್," ಎಂದ ತುಕಿರಾನ್. "ಸಂಜೆ ಬಸ್ಸಿಳಿದು ಬಂದು ನಾನೇ ಹಾಕಿದೆ. ಕತ್ತಲಲ್ಲಿ ಡಬ್ಬಿ ನೋಡ್ಲಿಲ್ಲ. ತಪ್ಪಾಯ್ತು."

ಸುಮಿಯಾತಿ ತಲೆ ಎತ್ತಿದಳು. ಅವನು ಅವಳ ಕಡೆ ನೋಡಲೇ ಇಲ್ಲ. ಆಗಲೇ ಮರ್ಜುಕಿ ಆ ಮಾತು ಆಡಿದ್ದು, ನೀನು ಸತ್ತ ದಿನ ಎಂದು.

ಎಲ್ಲರೂ ಹೋದ ಮೇಲೆ ಅವಳು ಜಗಳಕ್ಕೇ ನಿಂತಳು. ಸುಳ್ಳು ಹೇಳಿದವನು ಅವನು, ಸುರಿದವಳು ನಾನು, ನಡುವೆ ನೀವ್ಯಾಕೆ ಎಂದು.

"ಅವನು ಹೇಳಿದ ಸುಳ್ಳನ್ನ ನಾನು ಬಾಯಿಬಿಟ್ರೆ ಅವನು ಮಗಳ ಜೊತೆ ಒಂದೇ ಮನೆಯಲ್ಲಿ ಅನ್ನ ಹೇಗೆ ತಿಂತಾನೆ? ನೀನು ಸುರಿದೆ ಅಂದ್ರೆ ನಾಳೆಯಿಂದ ಈ ಊರಲ್ಲಿ ನಿನ್ನ ಕೈಗೆ ಯಾರೂ ಒಂದು ಸ್ಪ್ಯಾನರೂ ಕೊಡಲ್ಲ. ಮೆಕ್ಯಾನಿಕ್ಕಿಗೆ ಜನ ಬೈಯೋದು ಹೊಸದಾ? ಬೈಸ್ಕೊಂಡು ಅಭ್ಯಾಸ ಇದೆ ನನಗೆ."

ಮರುದಿನ ಅವನು ಕ್ಲಚ್ ತಟ್ಟೆಗಳನ್ನೆಲ್ಲ ಬದಲಾಯಿಸಿ, ಸಾದಾ ಆಯಿಲ್ ಹಾಕಿ ಬೈಕನ್ನು ರಸ್ತೆಯಾಚೆ ನಿಲ್ಲಿಸಿ ಬಂದ. ಮರ್ಜುಕಿ ಬಾಗಿಲು ತೆರೆಯಲಿಲ್ಲ. ಮುಂದಿನ ವರ್ಷ ಎನಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ತೈವಾನಿಗೆ ಹೊರಟಾಗ ತುಕಿರಾನ್ ಗ್ಯಾರೇಜಿನೊಳಗೇ ನಿಂತು ನೋಡಿದ.

ಹೋದ ವಾರ ಆಸ್ಪತ್ರೆಯಲ್ಲಿ ಸುಮಿಯಾತಿ ಕೇಳಿದ್ದಳು, ಈಗಲಾದರೂ ಮರ್ಜುಕಿಯನ್ನು ಕರೆಸಿ ಹೇಳಲೇ ಎಂದು. ಮೂಗಿಗೆ ನಳಿಕೆ ಹಾಕಿಸಿಕೊಂಡಿದ್ದವನು ಕೈ ಆಡಿಸಿದ. "ಬಿಡೇ. ಆ ಆಯಿಲ್ ಚೆಲ್ಲಿ ಎಷ್ಟು ಕಾಲವಾಯ್ತು."

*

ಜನಾಜಾವನ್ನು ಅಂಗಳದಲ್ಲಿ ಎರಡು ಬೆಂಚಿನ ಮೇಲೆ ಇಳಿಸಿದರು. ಹಸಿರು ಬಟ್ಟೆ, ಅದರ ಮೇಲೆ ಮಲ್ಲಿಗೆಯ ಸರ. ಮಧ್ಯಾಹ್ನದ ಜುಹರ್ ನಮಾಜಿಗೆ ಇನ್ನು ಅರ್ಧ ಗಂಟೆಯಿತ್ತು. ಮೋದಿನ್ ದುಲ್ಕಾಮಿದ್ ಟೋಪಿ ಸರಿಮಾಡಿಕೊಂಡು ಮುಂದೆ ಬಂದರು. ಅವರಿಗೂ ಎಪ್ಪತ್ತು ದಾಟಿತ್ತು, ಈ ವಾರ ಇದು ಮೂರನೆಯ ಸಾವು.

"ಮಾತಲ್ಲಿ, ಕೆಲಸದಲ್ಲಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಈ ನಮ್ಮ ತುಕಿರಾನ್ ಯಾರಿಗಾದ್ರೂ ನೋವು ಮಾಡಿದ್ರೆ, ಅವನ ಪರವಾಗಿ, ಮನೆಯವರ ಪರವಾಗಿ ನಾನು ಕ್ಷಮೆ ಕೇಳ್ತೀನಿ. ಮನಸ್ಸಲ್ಲಿ ಇಟ್ಕೊಬೇಡಿ, ಬಿಟ್ಟುಬಿಡಿ."

ತಲೆಗಳು ಅಲ್ಲಾಡಿದವು. ಕೆಲವು ತಲೆಗಳು ಗೇಟಿನ ಕಡೆ ತಿರುಗಿದವು. ಮರ್ಜುಕಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

ಸುಮಿಯಾತಿ ಪರದೆ ಸರಿಸಿ ಹೊರಗೆ ಬಂದಳು. ಪಾರ್ತಿ ಹಿಂದಿನಿಂದ ತೋಳು ಹಿಡಿದಳು, ಅವಳು ಬಿಡಿಸಿಕೊಂಡಳು. ಗಂಡಸರ ನಡುವೆ ಹೆಂಗಸು ನಡೆದು ಬಂದದ್ದಕ್ಕೆ ಮೋದಿನ್ ಹುಬ್ಬೇರಿಸಿದರು, ಆದರೆ ತಡೆಯಲಿಲ್ಲ. ಅವಳು ಜನಾಜಾ ಹೊರುವ ಕಂಬಿ ಹಿಡಿದುಕೊಂಡಳು.

"ಮೋದಿನ್ ಅವರೇ, ನೀವು ಕೇಳೋ ಮುಂಚೆ ಒಂದು ಮಾತಿದೆ. ಒಂಬತ್ತು ವರ್ಷದ ಹಿಂದೆ ಮರ್ಜುಕಿ ಬೈಕಿಗೆ ಕಾರಿನ ಆಯಿಲ್ ಸುರಿದದ್ದು ಇವರಲ್ಲ. ನಾನು. ಇವರು ಅವತ್ತು ಊರಲ್ಲೇ ಇರ್ಲಿಲ್ಲ. ಕಾರಿಂದೇ ಇನ್ನೂ ಒಳ್ಳೇದು ಅಂದ್ಕೊಂಡು ಸುರಿದೆ. ಬೈಗಳನ್ನೆಲ್ಲ ಇವರು ತಿಂದ್ರು, ನಾನು ಬಾಯಿ ಮುಚ್ಕೊಂಡು ತಿನ್ನೋಕೆ ಬಿಟ್ಟೆ. ಇವರನ್ನ ಅದರ ಜೊತೆ ಮಣ್ಣಿಗಿಡಬೇಡಿ. ಕ್ಷಮಿಸೋದಿದ್ರೆ ನನ್ನನ್ನ ಕ್ಷಮಿಸಿ, ಇಲ್ಲದಿದ್ರೆ ಬಿಡಿ. ನಾನು ಬದುಕಿದೀನಲ್ಲ, ನನಗೇ ಹೇಳಿ."

ಅಷ್ಟೇ ಹೇಳಿದಳು. ಮರ್ಜುಕಿ ಹೇಳಿದ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನೂ ಹೇಳಿಬಿಟ್ಟರೆ ಭಾರ ಅರ್ಧಕ್ಕರ್ಧ ಇಳಿಯುತ್ತಿತ್ತು. ಆದರೆ ಅದನ್ನು ಮುಚ್ಚಿಟ್ಟವನು ಇಲ್ಲಿ ಮಲಗಿದ್ದ, ಅವನನ್ನು ಮೀರಿ ಆಡಲು ಅವಳಿಗೆ ಮನಸ್ಸಾಗಲಿಲ್ಲ.

ಮರ್ಜುಕಿ ಎದ್ದು ನಿಂತ. ಕುರ್ಚಿಗಳ ನಡುವೆ ಜಾಗ ಮಾಡಿಕೊಂಡು, ಒಬ್ಬೊಬ್ಬರ ಮೊಣಕಾಲು ದಾಟಿ, ಅವಳ ಎದುರಿಗೆ ಬಂದ.

"ಆಯಿಲ್ ಹಾಕಿಸೋಕೆ ಬಂದಾಗ ನಾನು ಏನಂದಿದ್ದೆ," ಎಂದ. "ಅದನ್ನ ಅಣ್ಣನಿಗೆ ಹೇಳಿದ್ರಾ, ಅತ್ತಿಗೆ?"

"ಮರುದಿನ ಸಂಜೆಯೇ ಹೇಳಿದ್ದೆ."

"ಮರುದಿನವೇ? ನಾನು ಬಂದು ಕೂಗಾಡೋ ಮುಂಚೆಯೇ?"

"ಹೂಂ."

ಮರ್ಜುಕಿ ಜನಾಜಾವನ್ನು ನೋಡಿದ. ತನ್ನೊಳಗೆ ಸಿಟ್ಟು ಹುಡುಕುತ್ತಿರುವಂತಿತ್ತು, ಸಿಗುತ್ತಿರಲಿಲ್ಲ. "ಗೊತ್ತಿದ್ದೂ ನನ್ನ ಕೈಲಿ ಬೈಸ್ಕೊಂಡನಾ," ಎಂದ, ಯಾರಿಗೆಂದಿಲ್ಲದೆ. "ಒಂಬತ್ತು ವರ್ಷ."

ಆಮೇಲೆ ಅಂಗಿಯ ಜೇಬಿನಿಂದ ಫೋನ್ ತೆಗೆದ. ದಪ್ಪ ಬೆರಳಿಗೆ ಅದು ಮೂರು ಸಲ ಜಾರಿತು. ಕೊನೆಗೆ ರಿಂಗಾಯಿತು. ಪರದೆಯ ಮೇಲೆ ಎನಿಯ ಮುಖ ಬಂತು, ಗದ್ದದ ಕೆಳಗಿಳಿಸಿದ ಮಾಸ್ಕು, ಹಿಂದೆ ಯಾರದೋ ಗಾಲಿಕುರ್ಚಿಯ ಹಿಡಿ.

"ಏನಪ್ಪ ಈ ಹೊತ್ತಲ್ಲಿ? ಅಜ್ಜಿಗೆ ಊಟ ಮಾಡಿಸ್ತಿದೀನಿ."

"ತುಕಿರಾನ್ ದೊಡ್ಡಪ್ಪ ಹೋದ."

ದನಿ ದೂರದಿಂದ ಬರುವುದಕ್ಕೆ ಹೊತ್ತು ಹಿಡಿಯುತ್ತಿತ್ತು. "ಯಾವಾಗ?" ಎಂಬುದು ಕೇಳುವಷ್ಟರಲ್ಲಿ ಮರ್ಜುಕಿ ಮುಂದಿನ ಮಾತು ಶುರುಮಾಡಿಬಿಟ್ಟಿದ್ದ.

"ಎನಿ, ಕೇಳು. ಊರವರೆಲ್ಲ ಇದಾರೆ, ಎಲ್ಲರ ಮುಂದೆ ಹೇಳ್ತಿದೀನಿ. ನಿನ್ನ ಪರೀಕ್ಷೆ ತಪ್ಪಿದ್ದು ದೊಡ್ಡಪ್ಪನಿಂದ ಅಲ್ಲ. ಐದು ಸಾವಿರ ಆಗೋವರೆಗೂ ಸಿಂಥೆಟಿಕ್ ಬೇಡ ಅಂತ ಅವನು ಮೂರು ಸಲ ಅಂದಿದ್ದ. ನನಗೆ ಅವನ ಮಾತು ಕೇಳೋಕೆ ಇಷ್ಟ ಇರ್ಲಿಲ್ಲ. ಅವನು ಬಸ್ಸು ಹತ್ತೋದನ್ನ ಕಿಟಕಿಯಿಂದ ನೋಡಿ, ಬೈಕು ತಗೊಂಡು ಹೋಗಿ, ಅಣ್ಣ ಒಪ್ಪಿದಾನೆ ಅಂತ ದೊಡ್ಡಮ್ಮನ ಹತ್ರ ಸುಳ್ಳು ಹೇಳಿದೆ. ನನ್ನ ಮಾತು ನಂಬಿ ಅವರು ಕೈಗೆ ಸಿಕ್ಕಿದ್ದನ್ನ ಸುರಿದ್ರು. ನಿನಗೆ ನಾನೇ ಹೀಗೆ ಮಾಡಿದ್ದು."

ಪರದೆಯ ಮೇಲೆ ಎನಿಯ ಮುಖ ಅಲ್ಲಾಡಲಿಲ್ಲ. ಸಿಗ್ನಲ್ ಹೋಯಿತೇನೋ ಎಂದು ಲಸಿಮಾನ್ ಬಗ್ಗಿ ನೋಡಿದ. ಹೋಗಿರಲಿಲ್ಲ, ಗಾಲಿಕುರ್ಚಿಯ ಹಿಂದೆ ಕಿಟಕಿಯ ಪರದೆ ಗಾಳಿಗೆ ಆಡುತ್ತಿತ್ತು. ಮರ್ಜುಕಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಸುಮಿಯಾತಿಗೆ ಅವನ ಮೇಲೆ ಇಷ್ಟು ವರ್ಷ ಇದ್ದ ಕಹಿ ಅಲ್ಲೇ ಇತ್ತು, ಆದರೆ ಅದರ ಪಕ್ಕದಲ್ಲಿ ಈಗ ಅಯ್ಯೋ ಪಾಪ ಎಂಬುದೂ ಬಂದು ನಿಂತಿತ್ತು.

"ನಿನ್ನ ಹತ್ರ ಆಮೇಲೆ ಮಾತಾಡ್ತೀನಿ ಅಪ್ಪ," ಎಂದಳು ಎನಿ ಕೊನೆಗೆ. ದನಿಯಲ್ಲಿ ಕೋಪವಿತ್ತೋ ದಣಿವಿತ್ತೋ ಹೇಳುವುದು ಕಷ್ಟವಿತ್ತು. "ಮೋದಿನ್ ಕೇಳಿಯಾಯ್ತಾ?"

"ಇನ್ನೂ ಇಲ್ಲ."

"ಹಾಗಿದ್ರೆ ಫೋನನ್ನ ದೊಡ್ಡಪ್ಪನ ಕಡೆ ಹಿಡಿ. ದೊಡ್ಡಮ್ಮ ಕಾಣ್ತಿದಾರಾ? ಅವರಿಗೊಂದು ಕುರ್ಚಿ ಕೊಡಿ ಯಾರಾದ್ರೂ, ಎಷ್ಟು ಹೊತ್ತು ನಿಲ್ಲಿಸ್ತೀರಿ."

ಮುದುಕ ಸರ್ವಾನ್ ಎದ್ದು ತನ್ನ ಕುರ್ಚಿಯನ್ನೇ ತಂದುಕೊಟ್ಟ. ಸುಮಿಯಾತಿ ಕೂತಳು. ಕೂತ ಮೇಲೆ ಅಳು ಬಂತು, ಬೆಳಗಿನಿಂದ ಮೊದಲ ಸಲ, ಅವಳು ಅದನ್ನು ತಡೆಯಲಿಲ್ಲ. ಮರ್ಜುಕಿ ಜನಾಜಾದ ತಲೆಯ ಕಡೆಗೆ ಹೋಗಿ ಫೋನನ್ನು ಹಸಿರು ಬಟ್ಟೆಯ ಮೇಲೆ, ಒಂದು ಗೇಣು ಎತ್ತರದಲ್ಲಿ ಹಿಡಿದು ನಿಂತ.

ಮೋದಿನ್ ಗಂಟಲು ಸರಿಮಾಡಿಕೊಂಡರು. "ತುಕಿರಾನ್ ಒಳ್ಳೆಯವನಾಗಿದ್ದನೇ?"

"ಒಳ್ಳೆಯವನು," ಎಂದಿತು ಅಂಗಳ. ಎಲ್ಲರಿಗಿಂತ ಅರ್ಧ ಮಾತು ಮುಂಚೆ ಮರ್ಜುಕಿಯ ದನಿ ಕೇಳಿಸಿತು. ಮೋದಿನ್ ಎರಡನೆಯ ಸಲಕ್ಕೆ ಬಾಯಿ ತೆರೆದರು, ಅಷ್ಟರಲ್ಲಿ ಫೋನಿನಿಂದ, ಎಲ್ಲರ ದನಿಯೂ ಅಡಗಿದ ಮೇಲೆ, ಒಂಟಿಯಾಗಿ, "ಒಳ್ಳೆಯವರು," ಎಂದು ಬಂತು.

ಮೋದಿನ್ ಬಾಯಿ ಮುಚ್ಚಿದರು. ಎರಡನೆಯ ಸಲ ಕೇಳಿದಾಗ ಊರು ಹೇಳಿದ ಮೇಲೆ ಎನಿಯ ದನಿಗೆ ತಾವೇ ಕಾದರು, ಅದು ಬಂತು. ಮೂರನೆಯ ಸಲ ಕೇಳುವ ಹೊತ್ತಿಗೆ ಲಸಿಮಾನ್ ಮತ್ತು ಐವರು ಹೆಗಲು ಕೊಡಲು ಆಗಲೇ ಕಂಬಿಗಳಿಗೆ ಬಾಗಿದ್ದರು. ಊರಿನ ಉತ್ತರ ಮುಗಿಯಿತು. ಅವರಲ್ಲಿ ಯಾರೂ ಎತ್ತಲಿಲ್ಲ, ಬಿಸಿಲಲ್ಲಿ ಹಾಗೇ ಬಾಗಿಕೊಂಡು, ಮರ್ಜುಕಿಯ ಕೈಯಲ್ಲಿದ್ದ ಫೋನಿನ ಕಡೆಗೆ ಮುಖ ಮಾಡಿ ನಿಂತಿದ್ದರು.